ಶನಿವಾರ ಎರಡನೆಯ ಪಿರಿಯಡ್ಡು: ಭಾವನೆ

ನನಗೆ ಬೇಗ ಸಿಟ್ಟು ಬರುತ್ತದೆ. ಇದನ್ನು ಮುಚ್ಚಿಟ್ಟುಕೊಂಡು ಬರೆಯಲು ಕೂತರೆ ನಾಲ್ಕನೆಯ ಸಾಲಿನಲ್ಲೇ ಸಿಕ್ಕಿಬೀಳುತ್ತೇನೆ, ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತಾರು ವರ್ಷಗಳಿಂದ ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಅರ್ಧಕ್ಕೆ ಅರ್ಧ ಕೂಡಿಸಿದರೆ ಎಷ್ಟು ಎಂದು ಕೇಳಿದಾಗ, ಮೀಸೆ ಚಿಗುರುತ್ತಿರುವ ಹುಡುಗ ಎದ್ದು ನಿಂತು, ‘ನಾಲ್ಕರಾಗ ಎರಡ್ರಿ ಸರ’ ಎಂದರೆ ಯಾವ ಮನುಷ್ಯನ ರಕ್ತ ತಣ್ಣಗೆ ಹರಿದೀತು? ಆದರೂ ಅದು ಕಸುಬಿನ ಸಿಟ್ಟು, ಸಂಜೆಗೆ ಇಳಿಯುತ್ತದೆ. ಇಳಿಯದ ಸಿಟ್ಟು ಬೇರೆ ಇದೆ ಎಂದು ನನಗೆ ಈ ವರ್ಷ ಗೊತ್ತಾಯಿತು. ‘ಸಿಟ್ಟು ಮಾಡಿಕೊಳ್ಳಬೇಡಿ’ ಎಂದು ಒಬ್ಬರು ಮೆಲ್ಲಗೆ, ನಗುನಗುತ್ತ, ಎರಡು ದಿನ ಬಿಡದೆ ಹೇಳಿದರೆ ಬರುವ ಸಿಟ್ಟು ಅದು.

ಆ ಎರಡು ದಿನ ಬಾಗಲಕೋಟೆಯಲ್ಲಿ ನಮಗೆ ತರಬೇತಿ ಇತ್ತು. ವಿಷಯ: ಮೈಂಡ್‌ಫುಲ್‌ನೆಸ್ ಮತ್ತು ಭಾವನಾತ್ಮಕ ಕಲಿಕೆ. ಕಲಿಸಲು ಬಂದವಳು ನನ್ನ ಮಗಳ ವಯಸ್ಸಿನ ಹುಡುಗಿ. ಎಲ್ಲರ ಅಂಗೈಯಲ್ಲಿ ಒಂದೊಂದು ಒಣದ್ರಾಕ್ಷಿ ಇಟ್ಟು, ಅದನ್ನು ಐದು ನಿಮಿಷ ನೋಡಿ, ಮೂಸಿ, ನಾಲಿಗೆಯ ಮೇಲೆ ಉರುಳಿಸಿ, ಆಮೇಲೆ ತಿನ್ನಬೇಕು ಎಂದಳು. ಹೊಲದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಪಿಟಿ ಮಾಸ್ತರರು ಅರ್ಧ ನಿಮಿಷಕ್ಕೇ ಕೈ ಎತ್ತಿ, ‘ಮೇಡಂ, ನಂದು ಹೊಟ್ಟ್ಯಾಗ ಹೋತ್ರಿ, ಇನ್ನೊಂದ ಕೊಡ್ರಿ’ ಎಂದರು. ನಾನು ಮಾತ್ರ ಪೂರ್ತಿ ಐದು ನಿಮಿಷ ಆ ದ್ರಾಕ್ಷಿಯನ್ನು ದುರುಗುಟ್ಟಿ ನೋಡಿದೆ. ‘ಸಿಟ್ಟು ಬಂದಾಗ ಅದಕ್ಕೊಂದು ಹೆಸರು ಕೊಡಿ ಸರ್’ ಎಂದಳು ಆಕೆ. ಅದಕ್ಕೆ ಹೆಸರು ಇಟ್ಟು ಎಷ್ಟೋ ಕಾಲವಾಗಿದೆಯಮ್ಮ, ಎಂಟನೆಯ ಇಯತ್ತೆ ‘ಬ’ ವಿಭಾಗ ಅಂತ, ಎನ್ನಬೇಕೆಂದಿದ್ದೆ. ಆದರೆ ಆಗ ಎಲ್ಲರೂ ಕಣ್ಣು ಮುಚ್ಚಿಕೊಂಡು ಉಸಿರು ಎಣಿಸುತ್ತಿದ್ದರು. ಕೆಲವರ ಎಣಿಕೆ ಗೊರಕೆಯಾಗಿ ಕೇಳಿಸುತ್ತಿತ್ತು.

ನಿಜವಾದ ಅನ್ಯಾಯ ನಡೆದದ್ದು ಊರಿಗೆ ಮರಳಿದ ಮೇಲೆ. ವಾರಕ್ಕೊಂದು ಪಿರಿಯಡ್ಡು ಮಕ್ಕಳ ಭಾವನೆಗಳಿಗೆ ಮೀಸಲಿಡಬೇಕೆಂದು ನಮ್ಮ ಹೆಡ್ ಮೇಡಂ ವೇಳಾಪಟ್ಟಿ ತಿದ್ದಿದರು. ಚಿತ್ರಕಲೆ ಉಳಿಯಿತು, ಪಿಟಿ ಉಳಿಯಿತು, ಹೋದದ್ದು ಅದೇ ಎಂಟನೆಯ ‘ಬ’ದಲ್ಲಿ ನನ್ನ ಶನಿವಾರದ ಎರಡನೆಯ ಪಿರಿಯಡ್ಡು. ಬೀಜಗಣಿತ ಅರ್ಧಕ್ಕೆ ನಿಂತಿತ್ತು! ಸಾಲದ್ದಕ್ಕೆ ಅದನ್ನು ನಡೆಸಬೇಕಾದವನೂ ನಾನೇ. ‘ಈ ಕೆಲಸಕ್ಕ ನೀವ ಬರೋಬ್ಬರಿ ಅದೀರಿ ಸರ’ ಎಂದರು ಮೇಡಂ. ‘ಯಾಕ್ರಿ?’ ಎಂದೆ. ‘ತರಬೇತಿ ತಗೊಂಡ ಬಂದೀರಲ್ರಿ’ ಎಂದು ಅವರು ಫೈಲು ಮುಚ್ಚಿದರು. ಪಕ್ಕದಲ್ಲಿ ಕೂತಿದ್ದ ಕ್ಲರ್ಕಿಗೆ ಅದೇ ಹೊತ್ತಿಗೆ ಕೆಮ್ಮು ಬಂತು.

ಸರಿ, ಮಾಡಿದೆ. ಎರಡು ಶನಿವಾರ ಕಣ್ಣು ಮುಚ್ಚಿಸಿ ಉಸಿರು ಎಳೆಸಿದೆ. ಬಾಗಲಕೋಟೆಯ ಆ ಹುಡುಗಿ ಹೇಳಿಕೊಟ್ಟ ಹಾಗೆ ತರಗತಿಗೆ ಕಾಲಿಟ್ಟ ಕೂಡಲೇ ನಕ್ಕೆ, ಬೋರ್ಡಿನ ಕಡೆ ತಿರುಗುವಾಗಲೂ ನಕ್ಕೆ. ಮೂರನೆಯ ಶನಿವಾರ, ತರಬೇತಿಯಲ್ಲಿ ಕೊಟ್ಟ ಪುಸ್ತಿಕೆಯಲ್ಲಿದ್ದಂತೆ, ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ‘ನನಗೆ ಅಂಜಿಕೆ ತರುವ ಸಂಗತಿ’ ಎಂಬುದನ್ನು ಬರೆಯಲು ಹೇಳಿದೆ. ಹೆಸರು ಹಾಕಬಾರದು, ಯಾರ ಚೀಟಿ ಎಂದು ಯಾರೂ ಕೇಳುವುದಿಲ್ಲ, ಅಂತ ಭರವಸೆಯನ್ನೂ ಕೊಟ್ಟೆ.

ನಲವತ್ತೆರಡು ಚೀಟಿಗಳನ್ನು ಮನೆಗೆ ತಂದು, ಚಹಾ ಕುಡಿಯುತ್ತ, ಕೆಂಪು ಪೆನ್ನು ಹಿಡಿದು ಕೂತೆ. ನಾಲ್ಕು ಮಂದಿ ಹಾವು ಬರೆದಿದ್ದರು. ಇಬ್ಬರು ಇಂಜೆಕ್ಷನ್. ಒಬ್ಬರು ‘ನಮ್ಮವ್ವ ಮಾತಾಡದ ಸುಮ್ಮನ ಕುಂತ್ರ’ ಎಂದು. ಹತ್ತೊಂಬತ್ತು ಮಂದಿ ‘ಗಣಿತ ಸರ್’ ಎಂದು ಬರೆದಿದ್ದರು! ಅದರಲ್ಲೊಂದು ಚೀಟಿಯಂತೂ, ‘ಗಣಿತ ಸರ್ ಸಿಟ್ಟಿಗೆದ್ದಾಗ ಅಲ್ಲ, ನಕ್ಕಾಗ’ ಎಂದು ಬಿಡಿಸಿ ಹೇಳಿತ್ತು. ನಾನು ಕೆಂಡವಾದೆ. ಸರಕಾರದ ಪಗಾರ ತೆಗೆದುಕೊಂಡು, ಸ್ವಂತ ಮುಖ ನೋಯುವಷ್ಟು ನಕ್ಕದ್ದಕ್ಕೆ ಇದು ಬಹುಮಾನವೇ?

ಹೆಂಡತಿ ಶಾಂತಾಳನ್ನು ಕರೆದು ಓದಿ ಹೇಳಿದೆ. ನನ್ನ ಪಕ್ಷ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು, ‘ಹಾವಿಗಿಂತ ಮುಂದ ಹೋಗೀರಲ್ರಿ! ಪಾಪ, ಅದಕ್ಕರ ಹಲ್ಲ ಅದಾವ’ ಎಂದಳು.

‘ನಗಬ್ಯಾಡ. ಈ ಅಕ್ಷರ ಯಾರ್‍ದು ಅಂತ ನನಗ ಗೊತ್ತೈತಿ. ನೋಟಬುಕ್ಕ ನೋಡಿ ನೋಡಿ ಕಣ್ಣ ಸವದಾವ. ಒಬ್ಬೊಬ್ಬರನ್ನೂ ಹಿಡಿತೇನಿ.’

‘ಕೇಳಾಂಗಿಲ್ಲ ಅಂತ ಮಾತ ಕೊಟ್ಟವರು ನೀವ, ಹಿಡಿಯಾವ್ರೂ ನೀವ?’ ಎಂದು ಅವಳು ಒಳಗೆ ಹೋದಳು.

ನಾನು ಬಿಡಲಿಲ್ಲ. ಕಾಗುಣಿತದ ತಪ್ಪು ತಿದ್ದುತ್ತ, ಅಕ್ಷರ ಗುರುತಿಸುತ್ತ ಹೋದೆ. ಮೂವತ್ತನೆಯದೋ ಏನೋ, ಒಂದು ಚೀಟಿಯಲ್ಲಿ ಹೀಗಿತ್ತು: ‘ಬುಧವಾರ 3ನೇ ಪಿರಿಯಡ್. ಸರ್ ಬೋರ್ಡಿಗೆ ಹೆಸರು ಕರೆಯುವಾಗ ಹೊಟ್ಟೆ ನೋಯುತ್ತದೆ. ಖರೇನೇ ನೋಯುತ್ತದೆ.’ ಕಾಗುಣಿತ ಒಂದೂ ತಪ್ಪಿರಲಿಲ್ಲ. ಮೂರರ ತಲೆ ಚಪ್ಪಟೆಯಾಗಿತ್ತು. ಹಾಗೆ ಬರೆಯುವವಳು ಶೈಲಾ ಒಬ್ಬಳೇ.

ಪೆನ್ನು ಕೆಳಗಿಟ್ಟೆ. ಮಕ್ಕಳನ್ನು ಬೋರ್ಡಿಗೆ ಕರೆದು ಲೆಕ್ಕ ಬಿಡಿಸಲು ನಾನು ಇಟ್ಟುಕೊಂಡದ್ದು ಬುಧವಾರ. ಆ ದಿನ ಶೈಲಾ ಶಾಲೆಗೆ ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಸೀರೆ ನೇಯುತ್ತಾರೆ. ಹುಡುಗಿಯನ್ನು ಮನೆಯಲ್ಲಿ ಕೂರಿಸಿಕೊಂಡು ನೂಲು ಸುತ್ತಿಸುತ್ತಾರೆ ಎಂದು ನಾನೇ ತೀರ್ಮಾನ ಮಾಡಿ, ಅವಳ ತಾಯಿಯನ್ನು ಶಾಲೆಗೆ ಕರೆಸಿ, ನಾಲ್ಕು ಜನರ ಮುಂದೆ ಬೈದಿದ್ದೆ. ‘ಇಲ್ರಿ ಸರ, ಹೊಟ್ಟಿ ನೋಯ್ತೈತಿ ಅಂತಾಳ್ರಿ’ ಎಂದು ಆಕೆ ಹೇಳಿದ್ದಕ್ಕೆ, ‘ಬುಧವಾರಕ್ಕೊಮ್ಮೆ ನೋಯೂ ಹೊಟ್ಟಿ ನಾ ಎಲ್ಲೂ ನೋಡಿಲ್ಲ’ ಎಂದು ಗದರಿಸಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ಆ ದಿನ ನನ್ನ ಮಾತು ನನಗೂ ಬಹಳ ಚೆನ್ನಾಗಿ ಕಂಡಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ತಾಯಿ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ನನ್ನನ್ನು ಕಂಡು, ‘ಮತ್ತೇನ ಆತ್ರಿ ಸರ?’ ಎಂದಳು, ಕೈ ನಿಲ್ಲಿಸದೆ. ದಾರಿಯುದ್ದಕ್ಕೂ ಒಂದು ಮಾತು ಹೊಂದಿಸಿಕೊಂಡು ಬಂದಿದ್ದೆ. ಅದು ಹೊಸ್ತಿಲಲ್ಲೇ ಉದುರಿಹೋಯಿತು.

‘ಬುಧವಾರ ಶೈಲಾನ್ನ ಕಳಸ್ರಿ. ಇನ್ನ ಬೋರ್ಡಿಗೆ ಯಾರನ್ನೂ ಕರ್‍ಯಾಂಗಿಲ್ಲ.’

‘ಅದಕ್ಕೂ ಹೊಟ್ಟಿ ನೋವಿಗೂ ಏನ ಸಂಬಂಧ್ರಿ?’

‘ಆ ನೋವು… ನನ್ನ ಸಲುವಾಗಿ ಬರ್ತೈತ್ರಿ. ಅವತ್ತ ನಿಮಗ ಅಂದದ್ದೂ ತಪ್ಪಾತ್ರಿ.’

ಮಗ್ಗ ನಿಂತಿತು. ಆಕೆ ಮಗಳ ಕಡೆ ನೋಡಿದಳು. ಬಾಗಿಲಿಗೆ ಒರಗಿ ನಿಂತಿದ್ದ ಶೈಲಾ ನೆಲ ನೋಡಿದಳು. ‘ಎರಡ ಸಲ ಸ್ಕ್ಯಾನಿಂಗ್ ಮಾಡಿಸೇವ್ರಿ ಸರ’ ಎಂದಳು ತಾಯಿ. ಅಷ್ಟೇ. ನಾನು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಕೆ, ‘ಕುಂಡ್ರಿ, ಚಾ ಮಾಡ್ತೇನಿ’ ಎಂದು ಎದ್ದಳು. ಆ ಚಹಾದಷ್ಟು ನಿಧಾನವಾಗಿ ನಾನು ಯಾವ ಒಣದ್ರಾಕ್ಷಿಯನ್ನೂ ತಿಂದಿಲ್ಲ.

ಬುಧವಾರ ಶೈಲಾ ಬಂದಳು, ಕೊನೆಯ ಬೆಂಚಿನ ಮೂಲೆಯಲ್ಲಿ ಕೂತಳು. ನಾನು ಯಾರ ಹೆಸರನ್ನೂ ಕರೆಯಲಿಲ್ಲ. ಬೈಯದೆ ನಲವತ್ತು ನಿಮಿಷ ಹೇಗೆ ಕಳೆಯುವುದೆಂದು ಮಾತ್ರ ಗೊತ್ತಾಗಲಿಲ್ಲ. ಕೈಗೆ ಕೆಲಸವಿರಲಿ ಎಂದು ಲೆಕ್ಕವನ್ನು ನಾನೇ ಬೋರ್ಡಿನ ಮೇಲೆ ಬಿಡಿಸಿದೆ. ತ್ರಾಪಿಜ್ಯದ ಕ್ಷೇತ್ರಫಲ. ಇಡೀ ತರಗತಿ ಉಸಿರು ಬಿಗಿಹಿಡಿದು ನನ್ನ ಬೆನ್ನು ನೋಡುತ್ತಿತ್ತು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಮುಗಿಸಿ, ಬರೆದುಕೊಳ್ಳಿ ಎಂದು ಹೇಳಿ, ಗಂಟೆ ಬಾರಿಸುವ ಮೊದಲೇ ಹೊರಬಿದ್ದೆ.

ಗುರುವಾರ ನೋಟಬುಕ್ಕು ನೋಡಲು ಕೂತೆ. ಹಿಂದಿನ ದಿನ ಬೋರ್ಡಿನ ಕೊನೆಯ ಸಾಲಿನಲ್ಲಿ ನಾನು ಎಂಟೇಳಲೆ ಐವತ್ನಾಲ್ಕು ಎಂದು ಬರೆದಿದ್ದೆ. ಮೂರನೆಯ ಇಯತ್ತೆಯ ಮಗ್ಗಿ! ನಲವತ್ತೆರಡು ಮಂದಿಯೂ ಒಬ್ಬರೂ ತಪ್ಪದೆ ಐವತ್ನಾಲ್ಕು ಎಂದೇ ಇಳಿಸಿಕೊಂಡಿದ್ದರು. ಮೈಯೆಲ್ಲ ಉರಿಯಿತು. ಒಬ್ಬರಾದರೂ ಕೈ ಎತ್ತಬಾರದೇ? ಇಪ್ಪತ್ತಾರು ವರ್ಷ ನಾನು ಕಲಿಸಿದ್ದಾದರೂ ಏನು? ಶೈಲಾಳ ನೋಟಬುಕ್ಕನ್ನು ಇನ್ನೊಮ್ಮೆ ತೆಗೆದು ನೋಡಿದೆ. ಅವಳು ಮೊದಲು ಐವತ್ತಾರು ಎಂದು ಬರೆದು, ಅದನ್ನು ನೀಟಾಗಿ ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಐವತ್ನಾಲ್ಕನ್ನು ಬರೆದಿದ್ದಳು.

ಅವಳನ್ನು ವರಾಂಡಕ್ಕೆ ಕರೆದೆ. ಆದಷ್ಟು ಮೆತ್ತಗೆ, ನಗದೆ ಕೇಳಿದೆ: ‘ನಿಂದು ಬರೋಬ್ಬರಿ ಇತ್ತಲ್ಲವಾ. ಯಾಕ ಹೊಡದಿ? ನಾ ಬೈತೇನಿ ಅಂತ ಅಂಜಿದಿ?’

‘ಇಲ್ರಿ ಸರ’ ಎಂದಳು. ಹೇಳಲೋ ಬೇಡವೋ ಎಂದು ಕಾಲಬೆರಳಿನಿಂದ ನೆಲ ಕೆರೆದಳು. ‘ಅವತ್ತ ನೀವ ಭಾಳ ಅಂಜಿದಂಗ ಕಾಣಾಕತ್ತಿದ್ರಿ. ಎಲ್ಲಾರೂ ನೋಡಿದಿವ್ರಿ. ಅದಕ್ಕ, ಹೇಳೂದ ಬ್ಯಾಡ ಅಂತ ಸುಮ್ನಾದಿವ್ರಿ.’

ಆ ವಾರವೇ ಬಾಗಲಕೋಟೆಯಿಂದ ಒಂದು ಫಾರ್ಮು ಬಂತು. ತುಂಬಿ ಕೂಡಲೇ ಕಳಿಸಬೇಕಂತೆ. ‘ತರಗತಿಯಲ್ಲಿ ಇತರರ ಭಾವನೆಗಳನ್ನು ಗುರುತಿಸಬಲ್ಲವರ ಸಂಖ್ಯೆ’ ಎಂಬಲ್ಲಿ ನಲವತ್ತೆರಡು ಎಂದು ಬರೆದು ಸಹಿ ಹಾಕಿ ಕೊಟ್ಟೆ. ಕ್ಲರ್ಕು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ನಿಮ್ಮನ್ನ ಹಿಡದೊ, ಬಿಟ್ಟೊ ಸರ?’ ಎಂದು ಕೇಳಿದ.

ಎಲ್ಲಿಲ್ಲದ ಸಿಟ್ಟು ಬಂತು. ‘ಬಿಟ್ಟು’ ಎಂದೆ.