ಫೈಲಿನಲ್ಲಿದ್ದ ಛಜ್ಜಾ

(ಘಾಟ್ಕೋಪರ್‌ನ ಹಳೆಯ ವಸತಿ ಸೊಸೈಟಿಯ ಕಟ್ಟಡವೊಂದನ್ನು ಕೆಡವಿ ಹೊಸದಾಗಿ ಕಟ್ಟಲಿದ್ದಾರೆ. ಹೊಸ ನಕ್ಷೆಗೆ ಎಲ್ಲ ಮನೆಯವರ ಸಹಿಯೂ ಆಗಿದೆ, ಯಕ್ಷಿತಾಳದ್ದೊಂದು ಬಿಟ್ಟು. ಅವಳ ಸೊಂಟದಲ್ಲಿ ಎಂಟು ತಿಂಗಳ ಮಗ ಸೃಜನ್, ಮೈತುಂಬ ಬೆವರುಗುಳ್ಳೆ. ಎದುರಿಗೆ ಆರ್ಕಿಟೆಕ್ಟ್ ಸದಾನಂದ.)

ಯಕ್ಷಿತಾ: ಇಲ್ಲ ಸದಾನಂದಣ್ಣ, ನಾನು ಸಹಿ ಹಾಕುದಿಲ್ಲ. ಮಗುವಿನ ರೂಮಿಗೆ ಪಶ್ಚಿಮಕ್ಕೆ ಪೂರ್ತಿ ಗಾಜು ಇಟ್ಟಿದ್ದೀರಿ. ಮಧ್ಯಾಹ್ನದ ಬಿಸಿಲಿಗೆ ಇವನು ಹಪ್ಪಳ ಆಗ್ತಾನೆ!

ಸದಾನಂದ: ಹಪ್ಪಳ ಎಂತಕ್ಕೆ ಆಗ್ತಾನೆ ಮಾರಾಯ್ತಿ? ಎಸಿ ಹಾಕು.

ಯಕ್ಷಿತಾ: ಎಸಿ ಹಾಕಿದ್ರೆ ಶೀತ ಆಗ್ತದೆ.

ಸದಾನಂದ: ಹಾಗಾದ್ರೆ ಪರದೆ ಎಳಿ.

ಯಕ್ಷಿತಾ: ಪರದೆ ಎಳಿಲಿಕ್ಕೆ ಗಾಜು ಯಾಕೆ? ಮನೆಯೊಳಗೆ ಬಿಸಿ ಏರದ ಹಾಗೆ ಕಟ್ಟಬೇಕು ಅಂತ ಎನರ್ಜಿ ಕೋಡ್ ಒಂದು ಉಂಟಲ್ಲ, ಅದು ಗೊತ್ತುಂಟಾ ನಿಮ್ಗೆ?

ಸದಾನಂದ: ಗೊತ್ತಿಲ್ಲದೆ? ಬಾಂದ್ರಾದಲ್ಲಿ ಅದರದ್ದೇ ಎರಡು ದಿನದ ಸೆಮಿನಾರ್ ಇತ್ತು, ಹೋಗಿದ್ದೆ.

ಯಕ್ಷಿತಾ: ಏನು ಹೇಳಿದ್ರು?

ಸದಾನಂದ: ಸೆಮಿನಾರ್ ಹಾಲ್‌ನಲ್ಲಿ ಎಸಿ ಎಷ್ಟು ಜೋರಿತ್ತಂದ್ರೆ, ಅರ್ಧ ಗಂಟೆಗೆ ಎದ್ದು ಬಂದೆ.

ಯಕ್ಷಿತಾ: ಮತ್ತೆ ನಮ್ಮ ಬಿಲ್ಡಿಂಗಿಗೆ ಆ ಕೋಡಿನ ಲೆಕ್ಕ ಮಾಡಿದ್ದು ಯಾರು?

ಸದಾನಂದ: ಅದಕ್ಕೆ ಕನ್ಸಲ್ಟೆಂಟ್ ಇದ್ದಾಳೆ, ರೂಪಾಲಿ. ಡಿಸೈನ್ ನಂದು, ಕೋಡಿಗೆ ಪಾಸ್ ಮಾಡಿಸುದು ಅವಳದ್ದು. ಪಾಸ್ ಆಗಿದೆ, ಬೇಕಾದ್ರೆ ಫೈಲ್ ನೋಡು.

(ಯಾರೂ ನೋಡುವುದಿಲ್ಲವೆಂಬ ಧೈರ್ಯದಲ್ಲಿ ಹೇಳಿದ ಮಾತು. ಆದರೆ ಯಕ್ಷಿತಾ ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವವಳು. ಫೈಲನ್ನೂ ಹಾಗೆಯೇ ಓದಿದಳು.)

ಯಕ್ಷಿತಾ: ಇಲ್ಲಿ ನೋಡಿ. ಮಗುವಿನ ಕಿಟಕಿ ಮೇಲೆ ಬಿಸಿಲು ತಡೀಲಿಕ್ಕೆ ಎರಡಡಿ ಹೊರಗೆ ಚಾಚಿದ ಛಜ್ಜಾ. ಅದರ ನೆರಳು ಬೀಳ್ತದೆ ಅಂತ ಪಾಸ್. ನಿಮ್ಮ ನಕ್ಷೆಯಲ್ಲಿ ಛಜ್ಜಾ ಎಲ್ಲುಂಟು?

ಸದಾನಂದ: ಅದು... ಮೊದಲು ಇತ್ತು. ದುಬೈ ಲುಕ್ ಬರ್ಲಿಲ್ಲ ಅಂತ ತೆಗ್ದೆ.

ಯಕ್ಷಿತಾ: ರೂಪಾಲಿಗೆ ಹೇಳಿದ್ರಾ?

ಸದಾನಂದ: ಅವಳು ಕೇಳ್ಲಿಲ್ಲ.

ಯಕ್ಷಿತಾ: ಅಂದ್ರೆ ನೆರಳು ಫೈಲಿಗೆ, ಬಿಸಿಲು ನನ್ನ ಮಗನಿಗೆ!

(ಅಮ್ಮನ ದನಿಗೆ ಬೆಚ್ಚಿ ಸೃಜನ್ ಅಳತೊಡಗಿದ. ಸದಾನಂದ ಗಡಿಬಿಡಿಯಲ್ಲಿ ಪೆನ್ಸಿಲು ತೆಗೆದ.)

ಸದಾನಂದ: ಆಯ್ತು ತಾಯಿ, ಆಯ್ತು! ಗಾಜು ಅರ್ಧ ಮಾಡ್ತೇನೆ. ಹದಿನಾಲ್ಕು ಮಹಡಿಗೂ ಛಜ್ಜಾ ಹಾಕ್ತೇನೆ. ಈಗ ಸಹಿ ಹಾಕು, ಬಿಲ್ಡರ್ ಕೆಳಗೆ ಕಾಯ್ತಿದ್ದಾನೆ.

(ಯಕ್ಷಿತಾ ಪೆನ್ನು ಎತ್ತಿದಳು. ಕಾಗದಕ್ಕೆ ತಾಗುವ ಮೊದಲೇ ಕೈ ನಿಂತಿತು.)

ಯಕ್ಷಿತಾ: ಅಣ್ಣ... ಛಜ್ಜಾದ ಮೇಲೆ ಪಾರಿವಾಳ ಕೂತ್ರೆ? ಅದರ ಹಿಕ್ಕೆ ಧೂಳು ಮಕ್ಕಳ ಎದೆಗೆ ಆಗುದಿಲ್ವಂತೆ.

ಸದಾನಂದ: ತಲೆಬಿಸಿ ಮಾಡ್ಬೇಡ. ಫೈಲಿನಲ್ಲಿ ಒಂದೇ ಒಂದು ಪಾರಿವಾಳವೂ ಕೂರದ ಹಾಗೆ ರೂಪಾಲಿ ನೋಡ್ಕೊಳ್ತಾಳೆ.

(ಯಕ್ಷಿತಾ ಪೆನ್ನಿಗೆ ಮುಚ್ಚಳ ಹಾಕಿದಳು.)