ಮಾವನ ಕಂಬಳಿ, ಮಗಳ ಉಸಿರು

ನಾನು ಪುಕ್ಕಲು ಸ್ವಭಾವದವನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮಲಗಿರುವ ನಾಯಿಯನ್ನು ಕಂಡರೂ ರಸ್ತೆ ದಾಟಿ ಆ ಬದಿಗೆ ಹೋಗುತ್ತೇನೆ. ಎದ್ದಿರುವ ನಾಯಿಯ ಮನಸ್ಸಾದರೂ ಮುಖದಲ್ಲಿ ಕಾಣುತ್ತದೆ, ಮಲಗಿರುವುದರ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು? ಪುರವರದ ಕಡೆ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೇನೆ. ಹೆಡ್‌ಮಾಸ್ತರು "ಸ್ವಲ್ಪ ಒಳಗೆ ಬನ್ನಿ" ಅಂದರೆ ಸಾಕು, ಕುರ್ಚಿಯಿಂದ ಎದ್ದು ಅವರ ಬಾಗಿಲು ಮುಟ್ಟುವಷ್ಟರಲ್ಲಿ ಹತ್ತು ವರ್ಷದ ತಪ್ಪುಗಳೆಲ್ಲ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿರುತ್ತವೆ. ಅವರಿಗೆ ಬೇಕಾಗಿರುವುದು ಸ್ಟೇಪ್ಲರ್ ಪಿನ್ನು. ಮಧುಗಿರಿ ಬೆಟ್ಟದ ಬುಡದಲ್ಲೇ ಮನೆ ಕಟ್ಟಿಕೊಂಡಿದ್ದರೂ ಇವತ್ತಿನವರೆಗೆ ಆ ಬೆಟ್ಟವನ್ನು ಅರ್ಧ ಕೂಡ ಹತ್ತಿಲ್ಲ. ಆದರೆ ಈ ಎಲ್ಲ ಭಯಗಳನ್ನೂ ತಕ್ಕಡಿಯ ಒಂದು ತಟ್ಟೆಗೆ ಸುರಿದು, ಇನ್ನೊಂದರಲ್ಲಿ ನನ್ನ ಮಾವ ಈರಪ್ಪನವರನ್ನು ಕೂರಿಸಿದರೆ, ಮಾವನ ತಟ್ಟೆಯೇ ನೆಲ ಮುಟ್ಟುತ್ತದೆ.

ಮಾವ ಅಂದರೆ ಅವರು ನನಗೆ ಎರಡು ಸಲ ಮಾವ. ತಾಯಿಯ ಅಣ್ಣನಾದ್ದರಿಂದ ಸೋದರಮಾವ, ಅವರ ಮಗಳು ರತ್ನಳನ್ನೇ ಮದುವೆಯಾದ್ದರಿಂದ ಹೆಣ್ಣು ಕೊಟ್ಟ ಮಾವ. ಬೇರೆಯವರಿಗೆ ಮಾವನ ಭಯ ಶುರುವಾಗುವುದು ಮದುವೆಯ ನಂತರ. ನನಗೆ ಆರನೇ ವಯಸ್ಸಿನಿಂದಲೇ. ಸಿರಾ ಕಡೆ ಅವರ ಹಟ್ಟಿಗೆ ಬೇಸಿಗೆ ರಜಕ್ಕೆ ಹೋಗಿದ್ದಾಗ, ನನ್ನ ಬೆನ್ನಿಗೊಂದು ಒಣ ಸೋರೆಬುರುಡೆ ಕಟ್ಟಿ, ಬಾವಿಗೆ ನೂಕಿ, ಕುರಿ ನೋಡಿಕೊಂಡು ಬರುತ್ತೇನೆಂದು ಹೋಗಿಬಿಟ್ಟಿದ್ದರು. ಬಂದು ಬಗ್ಗಿ ನೋಡಿ, "ಬಂತೇನ್ಲಾ ಈಜು?" ಅಂದರು. ಬಂದಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗದಂತೆ ಅವರು ಮಾಡಿದ್ದೆಲ್ಲ ಕೊನೆಗೆ ಸರಿಯಾಗಿಯೇ ಇರುತ್ತಿತ್ತು.

ನಮ್ಮ ಮನೆಯ ಗೃಹಪ್ರವೇಶಕ್ಕೆ ಈ ಮಾವ ತಂದದ್ದು ಒಂದು ಕಂಬಳಿ. ಹೊದೆಯುವ ಕಂಬಳಿಯಲ್ಲ. ಸ್ವಂತ ಕುರಿಗಳ ಉಣ್ಣೆ ಕತ್ತರಿಸಿ, ಅತ್ತೆಯ ಕೈಯಲ್ಲಿ ನೂಲು ತೆಗೆಸಿ, ತಾವೇ ಗುಂಡಿಮಗ್ಗದಲ್ಲಿ ಕೂತು ನೇಯ್ದು, ಹುಣಸೆ ಬೀಜದ ಗಂಜಿ ಕುಡಿಸಿ, ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿದು, ಮನೆಯ ಇಡೀ ನಡುಕೋಣೆಗೆ ಗೋಡೆಯಿಂದ ಗೋಡೆಗೆ ಮುಚ್ಚುವಂತೆ ಮಾಡಿದ ಕಂಬಳಿ. ಮನೆ ಕಟ್ಟುವ ನನ್ನ ಉತ್ಸಾಹ ನೆಲದ ಹತ್ತಿರ ಬರುವಷ್ಟರಲ್ಲಿ ಮುಗಿದುಹೋಗಿ, ಬರಿಯ ಸಿಮೆಂಟು ಸಾರಿಸಿ ಬಿಟ್ಟಿದ್ದೆವು. ಅದು ಆಗಲೇ ಬಿರುಕು ಬಿಟ್ಟಿತ್ತು. ಮಾವ ಕಂಬಳಿ ಹಾಸಿ, ಅದರ ಮೇಲೆ ದೇವರ ಗದ್ದುಗೆ ಮಾಡಿ, ಅರಿಶಿನದ ಭಂಡಾರ ಹಚ್ಚಿ, ಕಾಯಿ ಒಡೆದು, ಎಲ್ಲರ ಎದುರಿಗೆ, "ಇದ್ನ ಹಾಸಿರೋನು ನಾನು. ಎತ್ತೋನೂ ನಾನೇ. ಅಲ್ಲಿಗಂಟ ಯಾರೂ ಮುಟ್ಟಂಗಿಲ್ಲ," ಅಂದರು. ಯಾರೂ ಮುಟ್ಟಲಿಲ್ಲ. ಗಾಳಿಗೆ ಬಂದ ಧೂಳು, ಕಾಲಿಗೆ ಅಂಟಿ ಬಂದ ಮಣ್ಣು, ಚೆಲ್ಲಿದ ಚುರುಮುರಿ, ಎಲ್ಲವನ್ನೂ ಅದು ಕುಡಿದು ಸುಮ್ಮನಿರುತ್ತಿತ್ತು. ಪೊರಕೆ ಆಡಿಸಿದರೆ ಧೂಳು ಎದ್ದು, ಮನೆಯೆಲ್ಲ ಒಂದು ಸುತ್ತು ಹೊಡೆದು, ಮತ್ತೆ ಬಂದು ಅಲ್ಲೇ ಕೂರುತ್ತಿತ್ತು.

ಒಂಬತ್ತು ವರ್ಷದ ಮಗಳು ಸಿಂಚನಳಿಗೆ ವೀಜಿಂಗ್ ಶುರುವಾದದ್ದು ಈ ಕಂಬಳಿಯ ಮೂರನೇ ವರ್ಷದಲ್ಲಿ. ಬೆಳಗ್ಗೆ ಎದ್ದು ಅದರ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದರೆ ಅವಳ ಎದೆಯಿಂದ ಸಣ್ಣಗೆ ಸೀಟಿ ಊದಿದ ಸದ್ದು ಬರುತ್ತಿತ್ತು. ತುಮಕೂರಿನ ಡಾಕ್ಟರ ಹತ್ತಿರ ಹೋದೆವು. ರತ್ನ ಮಗುವನ್ನು ಹಬೆ ಕೊಡಿಸಲು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿದ್ದಳು. ಡಾಕ್ಟರು ನನ್ನನ್ನು ಕೇಳಿದರು: "ಮನೇಲಿ ಕಾರ್ಪೆಟ್ಟು, ಉಣ್ಣೆ ಹಾಸು, ಅಂಥದ್ದೇನಾದ್ರೂ ಇದೆಯೇನ್ರಿ? ಇದ್ರೆ ಮೊದಲು ಎತ್ತಿಸಿ. ನೆಲಕ್ಕೆ ಟೈಲ್ಸ್ ಹಾಕ್ಸಿ, ದಿನಾ ಒದ್ದೆ ಬಟ್ಟೇಲಿ ಒರೆಸಿ. ಅರ್ಧ ಕಾಯಿಲೆ ಅಲ್ಲೇ ಹೋಗತ್ತೆ." ನಾನು ಹಿಂದೆ ಮುಂದೆ ನೋಡದೆ, "ಇಲ್ಲ ಸಾರ್," ಅಂದುಬಿಟ್ಟೆ. ಮಾವ ಆ ಹೊತ್ತಿನಲ್ಲಿ ಪಾವಗಡದ ಆಚೆ ಎಲ್ಲೋ ಕುರಿಗಳ ಹಿಂದೆ ಇದ್ದರು. ಆದರೂ ಹೌದು ಅಂದರೆ ಅವರಿಗೆ ಕೇಳಿಸುತ್ತದೆ ಅನ್ನಿಸಿತು.

ಸುಳ್ಳು ಹೇಳಿದ ಮೇಲೆ ಪಾಪಪ್ರಜ್ಞೆಯಿಂದ ನಾನು ಮಾಡಿದ ಸ್ವಚ್ಛತಾ ಕಾರ್ಯಕ್ರಮ ದೊಡ್ಡದು. ಕಿಟಕಿಯ ಪರದೆ ಬಿಚ್ಚಿಸಿದೆ. ಊದುಬತ್ತಿ ನಿಲ್ಲಿಸಿ ದೇವರಿಗೆ ಬರೀ ಹೂವಿನಲ್ಲಿ ಸಮಾಧಾನ ಹೇಳಿದೆ. ಒಗ್ಗರಣೆಯ ಘಾಟು ತಾಗಬಾರದೆಂದು ರತ್ನಳನ್ನು ಒಲೆಯ ಸಮೇತ ಹಿತ್ತಲಿಗೆ ಕಳಿಸಿದೆ. ನಮ್ಮನೆಯಲ್ಲಿ ಹಾಲು ಕುಡಿದು ಹೋಗುತ್ತಿದ್ದ ಎದುರು ಮನೆಯ ಬೆಕ್ಕಿಗೂ ಬಾಗಿಲು ಮುಚ್ಚಿದೆ. "ಎಲ್ಲಾ ಮಾಡಿದ್ವಲ್ಲ ಬಾವ, ಇನ್ನೇನು ಉಳಿದೈತೆ?" ಅಂತ ರತ್ನ ಕೇಳುವಾಗ ನಾವಿಬ್ಬರೂ ನಿಂತಿರುತ್ತಿದ್ದದ್ದು ಕಂಬಳಿಯ ಮೇಲೆಯೇ. ನಾನು ಸೂರು ನೋಡುತ್ತಿದ್ದೆ. ಮಾವನಿಗೆ ಫೋನಿನಲ್ಲಿ ಮಗುವಿಗೆ ನೆಗಡಿ ಎಂದಷ್ಟೇ ಹೇಳುತ್ತಿದ್ದೆವು.

ಹೀಗೆ ಮೂರು ತಿಂಗಳು ದಬ್ಬಿದೆ. ಒಂದು ಭಾನುವಾರ ಮಧ್ಯಾಹ್ನ ಅಕ್ಕಪಕ್ಕದ ಮಕ್ಕಳು ಸೇರಿ ಕಂಬಳಿಯ ಮೇಲೆ ಲಾಗ ಹಾಕುತ್ತಿದ್ದರು. ನಗುತ್ತಿದ್ದ ಸಿಂಚನ ಇದ್ದಕ್ಕಿದ್ದಂತೆ ಕೂತುಬಿಟ್ಟಳು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ತುಟಿಯ ಬಣ್ಣ ಬದಲಾಗಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ಆ ಹತ್ತು ನಿಮಿಷ ನಾನು ಪಟ್ಟ ಭಯದ ಮುಂದೆ ಉಳಿದ ಭಯಗಳೆಲ್ಲ ನಾಟಕ. ಅವಳು ಸುಧಾರಿಸಿಕೊಂಡ ಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ರತ್ನಳಿಗೆ ಎಲ್ಲ ಹೇಳಿಕೊಂಡೆ.

"ಡಾಕ್ಟ್ರಿಗೆ ಸುಳ್ಳು ಹೇಳ್ದ್ಯಾ?" ಅಂದಳು ರತ್ನ. "ಯಾಕೆ ಬಾವ, ನಮ್ಮಪ್ಪ ಅಲ್ಲೇನಾದ್ರೂ ಮೇಜಿನ ಕೆಳ್ಗೆ ಕೂತಿದ್ನಾ?" ಮನೆಗೆ ಬಂದವಳೇ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮೂಗಿಗೆ ಸೆರಗು ಕಟ್ಟಿ, "ಏಳು, ಆ ತುದಿ ಹಿಡ್ಕ," ಅಂದಳು. ಎತ್ತಿದೆವು.

ಟೈಲ್ಸ್ ಹಾಕಲು ಸಿರಾದಿಂದ ಬಂದ ಮೇಸ್ತ್ರಿ ಮಹಬೂಬ್ ಸಾಹೇಬರು ಕಂಬಳಿಯ ಕೆಳಗಿನ ನೆಲವನ್ನು ನೋಡಿ, ಮುಷ್ಟಿಯಲ್ಲಿ ಮಣ್ಣು ತೆಗೆದು ಉದುರಿಸಿ, "ಸಾಬ್, ಇದು ಮನೆ ಅಲ್ಲ, ಜಮೀನು. ಒಂದು ಮಳೆ ಬಂದಿದ್ರೆ ರಾಗಿ ಆಗ್ತಿತ್ತು," ಅಂದರು. ನಾಲ್ಕು ದಿನಕ್ಕೆ ತಿಳಿ ಬೂದು ಬಣ್ಣದ ಟೈಲ್ಸು ಬಂದು ಕೂತವು. ಮೊದಲ ವಾರ ನಾನು ಅದರ ಮೇಲೆ ಜಾರಿ ಬೀಳುವ ಭಯದಲ್ಲಿ ಗೋಡೆ ಹಿಡಿದುಕೊಂಡೇ ಓಡಾಡಿದೆ. ಆದರೆ ಎಂಥ ಸುಖ! ಐದು ನಿಮಿಷದಲ್ಲಿ ಒರೆಸಿ ಮುಗಿಯುತ್ತಿತ್ತು. ಬಕೆಟ್ಟಿನ ನೀರು ಕೆಂಪಾದದ್ದು ನೋಡಿದರೆ, ಇಷ್ಟು ದಿನ ಇದೆಲ್ಲ ಮಗುವಿನ ಎದೆಗೆ ಹೋಗುತ್ತಿತ್ತಲ್ಲ ಅಂತ ಇನ್ನೊಂದು ಸಲ ಒರೆಸುತ್ತಿದ್ದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಬೆಳಗಿನ ಸೀಟಿ ನಿಂತಿತು. ಕಂಬಳಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆವು. ಮಾವನಿಗೆ ನಾನು ಹೇಳುತ್ತೇನೆಂದು ರತ್ನ ಅಂದುಕೊಂಡಿದ್ದಳು, ಅವಳು ಹೇಳುತ್ತಾಳೆಂದು ನಾನು.

ಇಬ್ಬರೂ ಹೇಳಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ರತ್ನ ಮಹಿಳಾ ಸಂಘದ ಮೀಟಿಂಗಿಗೆ ಕೊರಟಗೆರೆಗೆ ಹೋಗಿದ್ದಳು. ಫೋನು ಬಂತು. "ಮದಗಿರಿ ಬಸ್‌ಸ್ಟ್ಯಾಂಡಾಗೆ ಇಳ್ದಿವ್ನಿ. ನಡ್ಕಂಡು ಬತ್ತೀನಿ, ನೀನೇನು ಗಾಡಿ ತರಬ್ಯಾಡ." ಮಾವನ ನಡಿಗೆಗೆ ಇಪ್ಪತ್ತು ನಿಮಿಷದ ದಾರಿ. ಆ ಇಪ್ಪತ್ತು ನಿಮಿಷದಲ್ಲಿ ಬುದ್ಧಿ ಇರುವವನು ಕಾಫಿಗೆ ಹಾಲು ಕಾಯಿಸುತ್ತಾನೆ. ನಾನು ಅಟ್ಟ ಹತ್ತಿದೆ. ಕಂಬಳಿಯನ್ನು ಕೆಳಕ್ಕೆ ಕೆಡವಿ, ಟೈಲ್ಸಿನ ಮೇಲೆ ಹರಡಿದೆ. ಒಂದೆರಡು ಗಂಟೆ ತಾನೇ, ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಇನ್ನೊಂದು ತುದಿ ಎಳೆದು ಕೊಟ್ಟವಳು ಸಿಂಚನಳೇ. ಅವಳಿಗೆ ಅದೊಂದು ಆಟ.

ಮಾವ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕಂಬಳಿ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಮೊಮ್ಮಗಳು ಹೋಗಿ ತೊಡೆ ಏರಿದಳು. ಕೈಯಿಂದ ಉಣ್ಣೆ ಸವರುತ್ತಾ, "ಇನ್ನಾ ಗಟ್ಟಿ ಐತೆ," ಅಂದರು. ಕಾಫಿ ಕುಡಿದರು. ನಾನು ಗಡಿಯಾರ ನೋಡುತ್ತಿದ್ದೆ. ಮಾವ ಮಾತು ನಿಲ್ಲಿಸಿ, ಕತ್ತು ಓರೆ ಮಾಡಿ, ಮಗುವಿನ ಬೆನ್ನಿಗೆ ಕಿವಿ ಇಟ್ಟರು. ಆಗ ನನಗೂ ಕೇಳಿಸಿತು, ಅದೇ ಸೀಟಿ.

"ಇದು ನೆಗ್ಡಿ ಅಲ್ಲ ಕಣ್ಲಾ. ಎಷ್ಟು ದಿವ್ಸದಿಂದ ಹಿಂಗೈತೆ?"

ನಾನು ಇನ್‌ಹೇಲರ್ ತರಲು ಓಡಿದೆ. ಮಾವ ಮಗುವನ್ನು ಎತ್ತಿಕೊಂಡು ಜಗಲಿಗೆ ಹೋದರು. ಔಷಧಿ ಎಳೆದುಕೊಂಡ ಮೇಲೆ ಅವಳ ಉಸಿರು ತಿಳಿಯಾಯಿತು. ಆಮೇಲೆ ಮಾವ ಹೇಳಿದರು: "ಮರಿ ಕೆಮ್ಮಿದ್ರೆ ನಾವು ಒಂದಿನಾನೂ ಅದೇ ನೆಲದಾಗೆ ಕೂಡಲ್ಲ. ಕುರಿ ಕೂಡೋ ರೊಪ್ಪನೇ ಕಿತ್ತು ಬ್ಯಾರೆ ಕಡೆ ಹಾಕ್ತೀವಿ. ಇಷ್ಟು ಓದಿದ್ದೀಯ, ಮನೆ ನೆಲ ಯಾಕ್ಲಾ ಬದಲಾಯಿಸ್ಲಿಲ್ಲ?"

"ಬದಲಾಯಿಸಿದ್ದೀನಿ ಮಾವ."

"ಎಲ್ಲೈತ್ಲಾ?"

"ಕೆಳಗೆ."

ಮಾವ ಒಳಗೆ ಹೋಗಿ ಕಂಬಳಿಯ ಒಂದು ಮೂಲೆ ಎತ್ತಿದರು. ಟೈಲ್ಸು ಹೊಳೆಯಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಬಾವಿಗೆ ನೂಕಿದ್ದರೂ ಇದಕ್ಕಿಂತ ಹಿತವಾಗಿರುತ್ತಿತ್ತು. ನಾನು ಕೈ ಹಚ್ಚಲು ಹೋದರೆ ಬೇಡವೆಂದು ಕೈಸನ್ನೆ ಮಾಡಿ, ಒಬ್ಬರೇ ಅಷ್ಟು ದೊಡ್ಡ ಕಂಬಳಿಯನ್ನು ಮಡಿಸಿ, ಸುತ್ತಿ, ಜಗಲಿಯಾಚೆ ಇಟ್ಟು ಬಂದರು. ಆಮೇಲೆ ಮಗುವಿಗೆ ಕೇಳಿಸದ ಹಾಗೆ, ಮೆಲ್ಲಗೆ, "ಹೆದ್ರೋದು ತಪ್ಪಲ್ಲ ಕಣ್ಲಾ. ತೋಳ ಅಂದ್ರೆ ನಂಗೂ ಹೆದ್ರಿಕೆನೇ. ತೋಳ ಬಂದ್ರೆ ಮರಿ ಎತ್ಕಂಡು ಓಡ್ತೀನಿ. ನೀನು ಮರೀನ ಮುಂದಕ್ಕೆ ಬುಟ್ಟು ಹಿಂದೆ ನಿಂತ್ಕಂಡೆ. ಅದೂ ಬಂದಿದ್ದು ತೋಳ ಅಲ್ಲ, ನಾನು," ಅಂದರು.

ಇಷ್ಟೇ ಅಂದದ್ದು. ಸಂಜೆ ರತ್ನ ಬಂದಾಗ ಬರೀ ನೆಲದ ಮೇಲೆ ಕಾಲು ಚಾಚಿ ಕೂತು, "ತಣ್ಣಗೆ ಚೆನ್ನಾಗೈತೆ ಕಣವ್ವ ನೆಲ," ಅಂದರು. ನನ್ನ ವಿಷಯ ಎತ್ತಲಿಲ್ಲ. ಊಟ ಮಾಡಿ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಕೊನೆಯ ಬಸ್ಸು ಹತ್ತಿದರು.

ಈಗ ದಿನಾ ಬೆಳಗ್ಗೆ ರೊಪ್ಪದಿಂದ ಅವರ ಫೋನು ಬರುತ್ತದೆ. ಮೊಮ್ಮಗಳಿಗೆ, "ಜೋರಾಗಿ ಉಸ್ರು ಬುಡು ಮಗಾ, ಕೇಳ್ತೀನಿ," ಅನ್ನುತ್ತಾರೆ. ಅವಳು ಫೋನಿನೊಳಕ್ಕೆ ಉಸಿರು ಬಿಡುತ್ತಾಳೆ. ಆ ಕಡೆ ಅವರು ಸುಮ್ಮನೆ ಕೇಳಿಸಿಕೊಂಡು, "ಆಯ್ತು," ಅಂದು ಇಟ್ಟುಬಿಡುತ್ತಾರೆ. ಅವಳ ಎದೆಯಲ್ಲಿ ಈಗ ಯಾವ ಸದ್ದೂ ಇಲ್ಲ. ಅದು ಅವರಿಗೂ ಗೊತ್ತು. ಆದರೂ ಮನೆಯಲ್ಲಿ ನಾನಿದ್ದೇನಲ್ಲ, ಅದಕ್ಕೇ ದಿನಾ ಕೇಳುತ್ತಾರೆ.