ಭಾವನ ಬೀಳುವ ಶಾಸ್ತ್ರ

ನಮ್ಮ ಭಾವನಷ್ಟು ಸಲ ಸತ್ತ ಮನುಷ್ಯ ಹೊಸಪೇಟೆ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ! ನಾನು ಬಲ್ಲಂತೆ ಎರಡು ಸಲ ಹಂಪಿಯಲ್ಲಿ, ಒಂದು ಸಲ ಬುಕ್ಕಸಾಗರದ ಕಾಲುವೆಯಲ್ಲಿ. ಮೂರು ಸಲವೂ ಸಂಜೆ ಮನೆಗೆ ಬಂದು ಎರಡೆರಡು ಲೋಟ ಕಾಫಿ ಕುಡಿದರು.

ಭಾವ ಅಂದರೆ ನನ್ನ ಅಕ್ಕನ ಗಂಡ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅವರಿಗೊಬ್ಬ ತಮ್ಮ. ತಂದೆತಾಯಿ ಹೋದ ಮೇಲೆ ಇವರೇ ಎತ್ತಿ ಆಡಿಸಿ ಬೆಳೆಸಿದವನು. ಅವನು ಓದು ಬಿಟ್ಟು ಬೊಂಬಾಯಿಗೆ ಓಡಿಹೋಗಿ ಸ್ಟಂಟ್ ಸಿನಿಮಾ ಸೇರಿದ. ಮುಖ ತೋರಿಸುವುದಕ್ಕಲ್ಲ, ಮತ್ತೆ! ಕೋಟೆ ಗೋಡೆಯ ಮೇಲೆ ನಿಂತು ಮೀಸೆ ತಿರುವುವವನು ಹೀರೋ. ಅಲ್ಲಿಂದ ಹಾರುವವನು ನಮ್ಮವನು. ಭಾವ ಬೈದು ಕಾಗದ ಬರೆದರು, ಬೇಡಿಕೊಂಡು ಬರೆದರು. ಅವನು ಜಗ್ಗಲಿಲ್ಲ.

"ಬೀಳೋದ ಅವನ ಕಸುಬು ಅಂದಮ್ಯಾಲೆ ನೆಟ್ಟಗ ಬೀಳ್ಲಿ" ಅಂದರು ಭಾವ. ಅಂದಿನಿಂದ ಊರಿಗೆ ಬಂದ ಒಂದು ಸ್ಟಂಟ್ ಸಿನಿಮಾವನ್ನೂ ಬಿಡಲಿಲ್ಲ. ಟೆಂಟಿನಲ್ಲಿ ಜನ ಶಿಳ್ಳೆ ಹೊಡೆಯುವಾಗ ಇವರು ಟಿಪ್ಪಣಿ ಬರೆಯುವರು. ಭಾನುವಾರ ಅದರ ಪರೀಕ್ಷೆ. ಸೋಮವಾರ ಫಲಿತಾಂಶ ಅಂಚೆಯಲ್ಲಿ ಬೊಂಬಾಯಿಗೆ!

ಎತ್ತರದಿಂದ ಹುಲ್ಲಿನ ಮೇಲೆ ಬಿದ್ದ ಹೀರೋ ಬೆವರೂ ಒರೆಸಿಕೊಳ್ಳದೆ ಎದ್ದು ನಡೆಯುತ್ತಾನಲ್ಲ, ಅದು ನಿಜವೇ? ತಮ್ಮನ ತೂಕದಷ್ಟು ಭತ್ತ ತುಂಬಿದ ಮೂಟೆಯನ್ನು ಭಾವ ಹಂಪಿ ಬಜಾರಿನ ಎರಡಂತಸ್ತಿನ ಕಲ್ಲುಮಂಟಪದ ಮೇಲಕ್ಕೆ ಹೊರಿಸಿದರು. ಕೆಳಗೆ ಕಬ್ಬಿನ ಒಣ ಎಲೆಗಳ ರಾಶಿ. ಬಟ್ಟೆಗೆ ಗಾಳಿ ತುಂಬಿ ವೇಗ ತಗ್ಗುತ್ತದೋ ಏನೋ ಅಂತ ಮೂಟೆಗೆ ತಮ್ಮದೇ ಕೋಟು ತೊಡಿಸಿ, ತಮ್ಮದೇ ರುಮಾಲು ಸುತ್ತಿದರು. ಆಮೇಲೆ ಕಂಬದ ಮರೆಯಲ್ಲಿ ಕೂತು ನೂಕಿದರು. ದೂರದಿಂದ ನೋಡಿದ ಪೂಜಾರಿಯೊಬ್ಬರು "ಅಯ್ಯಯ್ಯೋ, ಮೇಷ್ಟ್ರು ಬಿದ್ರಲ್ರಪ್ಪೋ!" ಅಂತ ಕೂಗಿಕೊಂಡು ಓಡಿದರು. ಸುದ್ದಿ ಜಟಕಾ ಹತ್ತಿ ಹೊಸಪೇಟೆಗೆ ಬಂತು. ಭಾವ ಹರಿದ ಮೂಟೆಯೊಂದಿಗೆ ಮನೆ ಸೇರುವ ಹೊತ್ತಿಗೆ ಅಂಗಳದ ತುಂಬಾ ಜನ, ಅಳು.

ಭಾವ ಗಾಬರಿಯಾಗಿ ಅಕ್ಕನನ್ನು ಕೇಳಿದರು, "ಯಾರು ಹೋದ್ರು?"

"ನೀವ ರೀ!" ಅಂದಳು ಅಕ್ಕ.

ಎರಡನೆಯ ಸಲ ಹಂಪಿಯಲ್ಲಿ ಮೂಟೆ ಬಿದ್ದಾಗ ಅಳಲು ಯಾರೂ ಬರಲಿಲ್ಲ ಬಿಡಿ.

ಇನ್ನೊಂದು ಸಿನಿಮಾದಲ್ಲಿ ಹೀರೋ ನೀರಿನಡಿ ಅಡಗಿ, ಟೊಳ್ಳು ದಂಟಿನಿಂದ ಉಸಿರಾಡಿದ. ಸರಿ, ಭಾವ ಪಪ್ಪಾಯಿ ಎಲೆಯ ದಂಟು ಕಚ್ಚಿಕೊಂಡು ಬುಕ್ಕಸಾಗರದ ಕಾಲುವೆಯಲ್ಲಿ ಮುಳುಗಿದರು. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ನೀರಿನಲ್ಲಿ ನೆಟ್ಟಗೆ ನಿಂತ ದಂಟನ್ನು ಕಂಡಳು. ಅದು ಕೆಮ್ಮಿತು! ಕಿತ್ತೇಬಿಟ್ಟಳು. ತಲೆ ತುಂಬಾ ಪಾಚಿ ಹೊತ್ತು ಭಾವ ಮೇಲೆದ್ದರು.

"ನೀರಾಗ ಏನ್ ಹುಡುಕಾಕತ್ತಿಯಪ್ಪಾ?"

"ಉಸಿರು, ಯವ್ವಾ."

ಬೊಂಬಾಯಿಗೆ ಹೋದ ವರದಿ: 'ಒಂದು ಗಿಡ್ಡ ದಂಟಾದರೆ ಅಡ್ಡಿಯಿಲ್ಲ. ಎರಡು ಜೋಡಿಸಿದರೆ ಎದೆ ಒತ್ತುತ್ತದೆ. ಸಮೀಪದಲ್ಲಿ ಮುದುಕಿಯರಿಲ್ಲದಂತೆ ನೋಡಿಕೊಳ್ಳತಕ್ಕದ್ದು.'

"ನಿಮ್ಮ ತಮ್ಮ ಬಿದ್ದೂ ಉಳೀತಾನ, ನೀವು ಕುಂತಲ್ಲೇ ಸಾಯ್ತೀರಿ ನೋಡ್ರಿ" ಅಂತ, ಮೇಷ್ಟ್ರು ಮುಳುಗಿ ಸತ್ತರೆಂಬ ಸುದ್ದಿ ಮೊದಲೇ ಕೇಳಿದ್ದ ಅಕ್ಕ ಅವರ ತಲೆ ಒರೆಸಿದಳು.

ಕಡೆಗೊಮ್ಮೆ ತಮ್ಮ ಹಾರಿದ ಸಿನಿಮಾವೇ ನಮ್ಮೂರಿನ ಟೆಂಟಿಗೆ ಬಂತು. ಭಾವ ನನ್ನನ್ನೂ ಎಳೆದುಕೊಂಡು ಹೋಗಿ ಮುಂದೆಯೇ ಕೂತರು. ಕೋಟೆಯ ದೃಶ್ಯ ಬಂತು. ಹೀರೋ ಬೆನ್ನು ತಿರುಗಿಸಿದ. ಅದು ಹೀರೋನ ಬೆನ್ನೇ? ಆ ಬಡಕಲು ಬೆನ್ನು, ಒಂಚೂರು ವಾಲಿದ ಆ ಎಡಭುಜ! ನಮ್ಮವನೇ! ಹಾರಿದ. ಟೆಂಟು ಕಿತ್ತು ಹೋಗುವಂತೆ ಶಿಳ್ಳೆ.

ಪಕ್ಕಕ್ಕೆ ನೋಡಿದೆ. ಯಾವುದನ್ನೂ ಕಣ್ಣಾರೆ ನೋಡದೆ ನಂಬದ ನಮ್ಮ ಭಾವ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

"ಲೇ, ಎದ್ದನೇನಲೇ?"

"ಎದ್ದಾನ್ರಿ ಭಾವ. ಮೈ ಕೊಡವಿಕ್ಯಂಡು ಕುದುರಿ ಹತ್ತಿದ."

"ಅವ ಹೀರೋ ಅಲ್ಲೇನಲೇ. ಬಿದ್ದವ ಎದ್ದನಾ?"

ಬಿದ್ದವನನ್ನು ಯಾರೂ ತೋರಿಸುವುದಿಲ್ಲವಲ್ಲ! "ಭಾವ, ಇದನ್ನ ತೆಗೆದು ವರ್ಷಾತ್ರಿ. ಮೊನ್ನಿ ತಾನ ಅವನ ಕಾರ್ಡು ಬಂತು. ನಿಮ್ಮ ಜೇಬಿನ್ಯಾಗ ಐತಿ."

"ಹೌದಲ್ಲ" ಅಂದರು. ಜೇಬಿನಿಂದ ಕಾರ್ಡು ತೆಗೆದು ನನಗೆ ಕೊಟ್ಟರು. "ಓದು."

ಆ ಕತ್ತಲಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ನಾನು ನಕ್ಕಿದ್ದು ಈ ಮನುಷ್ಯನನ್ನು ನೋಡಿಯೇ! ಕಾರ್ಡನ್ನು ಕಣ್ಣೆದುರು ಹಿಡಿದೆ. ನೆನಪಿದ್ದಷ್ಟು ಹೇಳಿದೆ, "ಅಣ್ಣಾ, ನಾನು ಆರಾಮದೀನಿ."

ಭಾವ ಕಣ್ಣು ತೆರೆಯಲಿಲ್ಲ.

"ಇನ್ನೊಮ್ಮೆ ಓದು" ಅಂದರು.